ಓದುಗರ ಪ್ರಶ್ನೆ: ಗೇಮ್ ಪೆಟ್ಟಿಗೆಗೆ ಯಾವ ಕೇಬಲ್?

ಪ್ರಶ್ನೆ: ಅಣ್ಣ ಆಡುತ್ತಿದ್ದ ಪ್ಲೇಸ್ಟೇಷನ್ 2 ಇಂದಿಗೂ ಸುಸ್ಥಿತಿಯಲ್ಲಿದೆ. ಹಳೆಯ ಡಬ್ಬಾ ಟಿವಿಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಆಟಗಳು ಹೊಸ 43 ಇಂಚಿನ ಎಲ್‌ಇಡಿ ಟಿವಿಯಲ್ಲಿ ಮಸುಕಾಗಿ ಕಾಣುತ್ತಿವೆ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಒಂದು ತುದಿಗೆ ಎಚ್‌ಡಿಎಂಐ, ಇನ್ನೊಂದು ತುದಿಗೆ ಕೆಂಪು, ಬಿಳಿ, ಹಳದಿ ಪ್ಲಗ್ಗುಗಳಿರುವ ಕೇಬಲ್ಲನ್ನೂ ಮೂರು ಜಾಯಿಂಟರ್‌ಗಳನ್ನೂ ಕೊಟ್ಟು, "ಇದನ್ನ ಹಾಕ್ರಿ, ಕ್ಲಿಯರ್ ಬರ್ತದ" ಎಂದರು. ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯಿತು. ಕೇಬಲ್ ಕೆಟ್ಟಿದೆಯೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಕೇಬಲ್ ಕೆಟ್ಟಿರಲಾರದು, ಆದರೆ ಈ ಕೆಲಸಕ್ಕೆ ಅದು ಬರುವುದಿಲ್ಲ. ಹಳದಿ ಪ್ಲಗ್ಗಿನಲ್ಲಿ ಹರಿಯುವುದು ಏರಿಳಿಯುವ ಅನಲಾಗ್ ಸಂಕೇತ. ಎಚ್‌ಡಿಎಂಐ ಒಯ್ಯುವುದು ಸೊನ್ನೆ ಒಂದುಗಳ ಡಿಜಿಟಲ್ ಸಂಕೇತ. ಒಂದನ್ನು ಇನ್ನೊಂದಕ್ಕೆ ಮಾರ್ಪಡಿಸಲು ವಿದ್ಯುತ್ತಿನಿಂದ ನಡೆಯುವ ಸರ್ಕ್ಯೂಟ್ ಬೇಕು, ಬರಿಯ ತಂತಿಯಿಂದ ಅದು ಸಾಧ್ಯವಿಲ್ಲ. ಅಂಗಡಿಯವರು ವಾಪಸು ತೆಗೆದುಕೊಳ್ಳುವುದಾದರೆ ಕೊಟ್ಟುಬಿಡಿ. ಪಿಎಸ್ 2 ಮಾರುಕಟ್ಟೆಗೆ ಬಂದದ್ದು 2000ರಲ್ಲಿ, ಎಚ್‌ಡಿಎಂಐನ ಮೊದಲ ಮಾನದಂಡ ಪ್ರಕಟವಾದದ್ದು 2002ರ ಕೊನೆಯಲ್ಲಿ. ಆದ್ದರಿಂದ ನಿಮ್ಮ ಪೆಟ್ಟಿಗೆಯ ಹಿಂದೆ ಆ ಸಾಕೆಟ್ಟನ್ನು ಹುಡುಕುವುದೂ ವ್ಯರ್ಥ.

ಮಸುಕಿನ ಮೂಲ ಹಳದಿ ಪ್ಲಗ್ಗಿನಲ್ಲಿದೆ. ಕಾಂಪೊಸಿಟ್ ಎನ್ನುವ ಈ ವಿಧಾನದಲ್ಲಿ ಬೆಳಕಿನ ಮಾಹಿತಿಯನ್ನೂ ಬಣ್ಣದ ಮಾಹಿತಿಯನ್ನೂ ಕಲಸಿ ಒಂದೇ ತಂತಿಯಲ್ಲಿ ಕಳಿಸಲಾಗುತ್ತದೆ, ಅವನ್ನು ಮತ್ತೆ ಬಿಡಿಸುವ ಹೊಣೆ ಟಿವಿಯದು. ಬಿಡಿಸುವಿಕೆ ಎಂದೂ ಪೂರ್ತಿಯಾಗದ ಕಾರಣ ಅಂಚುಗಳಲ್ಲಿ ಚುಕ್ಕಿಗಳು ಹರಿದಾಡುತ್ತವೆ, ಕೆಂಪು ಬಣ್ಣ ಗೆರೆ ದಾಟಿ ಹರಡುತ್ತದೆ. ಚಿಕ್ಕ ಡಬ್ಬಾ ಟಿವಿಯಲ್ಲಿ ಈ ದೋಷ ಮುಚ್ಚಿಹೋಗುತ್ತಿತ್ತು.

ನೀವು ಕೇಳಬೇಕಾದದ್ದು ಪಿಎಸ್ 2ರ ಕಾಂಪೊನೆಂಟ್ ಕೇಬಲ್, ಅಂದರೆ ಬೆಳಕು, ಬಣ್ಣಗಳನ್ನು ಕಲಸದೆ ಬೇರೆ ಬೇರೆ ತಂತಿಗಳಲ್ಲಿ ಕಳಿಸುವಂಥದ್ದು. ಪಿಎಸ್ 3ರಲ್ಲೂ ಅದೇ ಸಾಕೆಟ್ ಇರುವುದರಿಂದ ಎರಡರ ಹೆಸರಿನಲ್ಲೂ ಒಂದೇ ಕೇಬಲ್ ಸಿಗುತ್ತದೆ. ಇದರಲ್ಲಿ ಚಿತ್ರಕ್ಕೆ ಹಸಿರು, ನೀಲಿ, ಕೆಂಪು ಮೂರು ಪ್ಲಗ್ಗುಗಳು, ಧ್ವನಿಗೆ ಕೆಂಪು, ಬಿಳಿ ಎರಡು. ಕೆಂಪು ಎರಡಿರುವುದರಿಂದ ಅದಲುಬದಲಾಗುವುದು ಸಾಮಾನ್ಯ. ಬಣ್ಣಗೆಟ್ಟ ಚಿತ್ರ, ಒಂದೇ ಕಿವಿಯ ಧ್ವನಿ ಎರಡೂ ಒಟ್ಟಿಗೆ ಬಂದರೆ ಮೊದಲು ಇದನ್ನೇ ಶಂಕಿಸಿ. ಹಳದಿ ಪ್ಲಗ್ ಇನ್ನೂ ಜೋಡಿಸಿರುವಾಗಲೇ, ಡಿಸ್ಕ್ ಹಾಕದೆ ಪೆಟ್ಟಿಗೆಯನ್ನು ಚಾಲೂ ಮಾಡಿ, ಸಿಸ್ಟಂ ಕಾನ್ಫಿಗರೇಷನ್‌ನಲ್ಲಿ ಕಾಂಪೊನೆಂಟ್ ವಿಡಿಯೊ ಔಟ್ ಎಂಬಲ್ಲಿ ಆರ್‌ಜಿಬಿ ಇದ್ದರೆ ಅದನ್ನು ಬದಲಿಸಿ ವೈಯಿಂದ ಆರಂಭವಾಗುವ ಆಯ್ಕೆಗೆ ತನ್ನಿ, ಅನಂತರ ಕೇಬಲ್ ಬದಲಿಸಿ. ಈ ಕ್ರಮ ತಪ್ಪಿದರೆ ಕೆಟ್ಟ ಬಣ್ಣದ ಪರದೆಯಲ್ಲೇ ಮೆನು ಹುಡುಕುವ ಪಾಡು.

ಕೊಳ್ಳುವ ಮೊದಲು ಟಿವಿಯ ಹಿಂಬದಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಕೆಲವು ಟಿವಿಗಳಲ್ಲಿ ಹಸಿರಿಗೂ ಹಳದಿಗೂ ಒಂದೇ ಸಾಕೆಟ್ ಇರುತ್ತದೆ. ಈಚಿನ ಹಲವು ಟಿವಿಗಳಲ್ಲಿ ಕಾಂಪೊನೆಂಟ್ ಇರುವುದೇ ಇಲ್ಲ. ಇಲ್ಲದಿದ್ದರೆ, ಪಿಎಸ್ 2ರ ಹಿಂಬದಿಗೇ ನೇರವಾಗಿ ಸಿಕ್ಕಿಸಿ ಎಚ್‌ಡಿಎಂಐ ಕೊಡುವ ಪುಟ್ಟ ಪರಿವರ್ತಕವನ್ನು ಕೊಳ್ಳಬಹುದು. ಹಳದಿ ಪ್ಲಗ್ಗಿನಿಂದ ಎಚ್‌ಡಿಎಂಐಗೆ ಬದಲಿಸುವ ಪೆಟ್ಟಿಗೆ ಬೇಡ, ಏಕೆಂದರೆ ಅದಕ್ಕೆ ದೊರೆಯುವುದೂ ಆ ಕಲಸಿದ ಸಂಕೇತವೇ. ಇಷ್ಟಾದರೂ ಚಿತ್ರ ಎಚ್‌ಡಿ ಆಗುವುದಿಲ್ಲ. ಪೆಟ್ಟಿಗೆಯೇ ರಚಿಸದ ಗೆರೆಯನ್ನು ಯಾವ ಕೇಬಲ್ಲೂ ಸೇರಿಸಲಾರದು. ಟಿವಿಯ ಚಿತ್ರದ ಅಗಲ-ಎತ್ತರವನ್ನು 4:3 ಪ್ರಮಾಣಕ್ಕೆ ತಂದರೆ ಆಟದ ವೀರರಾದರೂ ದಪ್ಪಗಾಗದೆ ಉಳಿಯುತ್ತಾರೆ.

ಪ್ರಶ್ನೆ: ಪಿಎಸ್ 5ಕ್ಕೆ ಚಿನ್ನದ ಲೇಪದ ದುಬಾರಿ ಎಚ್‌ಡಿಎಂಐ ಕೇಬಲ್ ಕೊಂಡರೆ ಚಿತ್ರ ಉತ್ತಮಗೊಳ್ಳುವುದೇ?
— ಓದುಗರೊಬ್ಬರು, ಬೀದರ್

ಉತ್ತರ: ಇಲ್ಲ. ನಿಮ್ಮ ಊರಿನ ಬಿದರಿ ಕುಸುರಿಯಲ್ಲಿ ಬೆಳ್ಳಿಯ ತಂತಿಯೇ ಚಿತ್ತಾರವಾಗುತ್ತದೆ. ಪ್ಲಗ್ಗಿನ ಚಿನ್ನಕ್ಕೆ ಆ ಯೋಗವಿಲ್ಲ, ತುಕ್ಕು ಹಿಡಿಯದಂತೆ ತಡೆಯುವುದಷ್ಟೇ ಅದರ ಕೆಲಸ. ಪಿಎಸ್ 5ರ ಡಬ್ಬಿಯಲ್ಲೇ ಬರುವ ಕೇಬಲ್ 4ಕೆ ಚಿತ್ರವನ್ನು ಸೆಕೆಂಡಿಗೆ 120 ಫ್ರೇಮ್‌ಗಳಲ್ಲಿ ಒಯ್ಯಬಲ್ಲದು. ಅದು ಗೋಡೆಯ ಟಿವಿಗೆ ಮುಟ್ಟದಿದ್ದರೆ ಮಾತ್ರ ಬೇರೆಯದನ್ನು ಕೊಳ್ಳಿ. ಆಗ ರಟ್ಟಿನ ಮೇಲಿನ 2.1 ಎಂಬ ಎಚ್‌ಡಿಎಂಐ ಆವೃತ್ತಿಯ ಅಂಕಿಯನ್ನು ನೋಡಿ ನಂಬದೆ, 'ಅಲ್ಟ್ರಾ ಹೈ ಸ್ಪೀಡ್' ಎಂಬ ಹೆಸರೂ ಸ್ಕ್ಯಾನ್ ಮಾಡಿ ಪರೀಕ್ಷಿಸಬಹುದಾದ ಪ್ರಮಾಣಪತ್ರದ ಚೀಟಿಯೂ ಇವೆಯೇ ಎಂದು ನೋಡಿ. ಅಂಥ ಕೇಬಲ್ಲಿನ ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್. ಟಿವಿ 60 ಫ್ರೇಮ್‌ಗಳದ್ದಾದರೆ 18 ಗಿಗಾಬಿಟ್ಟಿನ 'ಪ್ರೀಮಿಯಂ ಹೈ ಸ್ಪೀಡ್' ಸಾಕು. ಅನೇಕ ಟಿವಿಗಳಲ್ಲಿ 120 ಫ್ರೇಮ್ ತೆಗೆದುಕೊಳ್ಳುವುದು ಒಂದೆರಡು ಸಾಕೆಟ್ಟುಗಳು ಮಾತ್ರ, ಆದ್ದರಿಂದ ಸಿಕ್ಕಿಸುವ ಮುನ್ನ ಸಾಕೆಟ್ಟಿನ ಪಕ್ಕದ ಬರಹವನ್ನು ಓದಿ.