ವಿಜ್ಞಾನಿ ಕೊಟ್ಟ ವೈನ್ ಅಂಕ ನಂಬಬಹುದಾ?

ಹವ್ಯಾಸಕ್ಕೆ ವೈನ್ ರುಚಿ ನೋಡಿ ಬರೆಯುವ ವಿಜ್ಞಾನಿಯೊಬ್ಬರ ಅಂಕಗಳನ್ನು ನಂಬಬಹುದಾ ಅಂತ ಕೇಳಿದ್ದೀರಿ. ವಿಜ್ಞಾನಿ ಅನ್ನೋ ಒಂದೇ ಕಾರಣಕ್ಕೆ ಬೇಡ. ಅವರು ರುಚಿ ನೋಡುವ ಕ್ರಮ ಹೇಗಿದೆ ಅಂತ ಗಮನಿಸಿ.

ಕ್ಯಾಲಿಫೋರ್ನಿಯಾದ ರಾಬರ್ಟ್ ಹಾಡ್ಗ್‌ಸನ್ ಸಮುದ್ರ ವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು, ಜೊತೆಗೆ ಸಣ್ಣದೊಂದು ವೈನರಿ ನಡೆಸಿದವರು. 2005ರಿಂದ ಅಲ್ಲಿನ ಸ್ಟೇಟ್ ಫೇರ್ (ರಾಜ್ಯ ಮೇಳ) ವೈನ್ ಸ್ಪರ್ಧೆಯಲ್ಲಿ ಒಂದು ಪರೀಕ್ಷೆ ಮಾಡಿದರು. ಒಂದೇ ಬಾಟಲಿಯ ವೈನನ್ನು ಮೂರು ಗ್ಲಾಸಿಗೆ ಹಾಕಿಸಿ, ಬೇರೆ ವೈನ್‌ಗಳ ನಡುವೆ ಸೇರಿಸಿ, ತೀರ್ಪುಗಾರರಿಗೆ ಹೇಳದೆ ಕೊಡಿಸಿದರು. ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಅಂಕ ಕೊಟ್ಟವರು 10ರಲ್ಲಿ ಒಬ್ಬರು ಅಷ್ಟೇ! ಎಲ್ಲರೂ ಪಳಗಿದ ನಾಲಿಗೆಯವರೇ.

ನಾನೂ ಮನೆಯಲ್ಲಿ ಮಾಡಿ ನೋಡಿದೆ. ನನ್ನ ತಮ್ಮ ಅಡುಗೆಮನೆಯಲ್ಲಿ ವೈನ್ ಸುರಿದು ತಂದ. ಮೊದಲ ಗ್ಲಾಸಿಗೆ ‘ಕಾಳುಮೆಣಸಿನ ಘಾಟು’ ಅಂತ ಬರೆದೆ, ಮೂರನೆಯದಕ್ಕೆ ‘ನೇರಳೆ ಹಣ್ಣು, ಸ್ವಲ್ಪ ಒಗರು’. ಎರಡೂ ಒಂದೇ ಬಾಟಲಿಯದು. ಮೊದಲನೆಯದು ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದು, ಇನ್ನೊಂದು ಹೊರಗಿಟ್ಟು ಅರ್ಧ ಗಂಟೆಯಾಗಿತ್ತು. ತಂಪಿನಲ್ಲಿ ಪರಿಮಳ ಕಡಿಮೆ ಏಳುತ್ತೆ, ಅಲ್ವಾ?

ಹಾಗಾಗಿ ಲೇಬಲ್ ಮುಚ್ಚಿ ಕುಡಿಯುತ್ತಾರಾ, ಅದೇ ವೈನನ್ನು ಮತ್ತೊಮ್ಮೆ ರುಚಿ ನೋಡಿ ಎರಡೂ ಅಂಕ ಬರೆಯುತ್ತಾರಾ ಅಂತ ನಿಮ್ಮ ಆ ವಿಜ್ಞಾನಿಯನ್ನೇ ಕೇಳಿ. ಹೌದು ಅಂದರೆ ಧೈರ್ಯವಾಗಿ ಓದಿ.