ಮರದ ಗೊಂಬೆಗೆ ಮೊದಲು ಮೊಣಕೈ ಸರಿಯಾಗಲಿ

ಚೀನಾದ ಸಮರಕಲೆ ವಿಂಗ್ ಚುನ್‌ನ ಆರು ತಿಂಗಳ ಅಭ್ಯಾಸಕ್ಕೇ ಮುಕ್ ಯಾನ್ ಜಾಂಗ್ (ತೋಳುಗಳಿರುವ ಅಭ್ಯಾಸದ ಮರದ ಗೊಂಬೆ) ತರಿಸಿಕೊಂಡು, ವಿಡಿಯೊ ನೋಡುತ್ತಾ ದಿನವೂ ಹೊಡೆಯುತ್ತಿರುವುದಾಗಿಯೂ, ಮುಂಗೈ ಊದಿ ಬಲಭುಜ ಹಿಡಿದುಕೊಂಡಿರುವುದಾಗಿಯೂ ಬರೆದು, ಮುಂಗೈ ಗಟ್ಟಿಯಾಗಲು ಯಾವ ಎಣ್ಣೆ ಒಳ್ಳೆಯದೆಂದು ಕೇಳಿದ್ದೀರಿ. ಎಣ್ಣೆಯ ಮಾತು ಆಮೇಲೆ. ವಿಂಗ್ ಚುನ್‌ನಲ್ಲಿ ಗೊಂಬೆ ಇರುವುದು ಮುಂಗೈ ಗಟ್ಟಿಗೊಳಿಸಲು ಅಲ್ಲ. ಕೋನ, ಅಂತರ ಮತ್ತು ಹೆಜ್ಜೆಯನ್ನು ಪರೀಕ್ಷಿಸಲು. ಗುರು ಇಪ್ ಮ್ಯಾನ್ ಪರಂಪರೆಯ ಗೊಂಬೆ ಅಭ್ಯಾಸದ 116 ಚಲನೆಗಳಲ್ಲಿ ಬಾಂಗ್ ಸಾವ್ (ಮೊಣಕೈ ಎತ್ತಿ ಮುಂಗೈಯಿಂದ ಪೆಟ್ಟನ್ನು ಜಾರಿಸುವ ತಡೆ) ಮತ್ತೆ ಮತ್ತೆ ಬರುತ್ತದೆ, ಮತ್ತು ಅದರ ಬಲ ಎರಡನೆಯ ಅಭ್ಯಾಸಕ್ರಮವಾದ ಚಮ್ ಕಿಯುವಿನಲ್ಲಿ ಕಲಿಯುವ ಸೊಂಟ-ಹೆಜ್ಜೆಯ ತಿರುವಿನಿಂದ ಬರಬೇಕು. ಆ ತಿರುವು ಇನ್ನೂ ಮೈಗೂಡದವರು ಭುಜ ಎತ್ತಿ ಹೊಡೆಯುತ್ತಾರೆ. ನಿಮ್ಮ ಭುಜದ ನೋವಿನ ಮೂಲ ಬಹುತೇಕ ಅದೇ.

ಈಗ ಗೊಂಬೆಯನ್ನು ಬಿಟ್ಟು, ಮೊಟ್ಟಮೊದಲು ಕಲಿಸುವ ಅಭ್ಯಾಸಕ್ರಮವಾದ ಸಿಯು ನಿಮ್ ತಾವ್‌ನ ಮೊದಲ ಭಾಗಕ್ಕೆ ಮರಳಿ. ಒಂದು ತಾನ್ ಸಾವ್ (ಅಂಗೈ ಮೇಲಾಗಿ ಚಾಚುವ ಕೈ), ಮೂರು ಫೂಕ್ ಸಾವ್ (ಮಣಿಕಟ್ಟು ಬಾಗಿಸಿ ಎದುರಾಳಿಯ ತೋಳಿನ ಮೇಲೆ ಇರಿಸುವ ಕೈ) ಬರುವ ಆ ನಿಧಾನದ ಭಾಗವನ್ನು ಬಹಳ ಮಂದಿ ಬೇಸರದಿಂದ ಓಡಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕಲೆಯ ತಳಪಾಯ ಅಲ್ಲಿದೆ. ಫೂಕ್ ಸಾವ್ ಮುಂದೆ ಸಾಗುವಾಗ ಕೈಯನ್ನು ತಳ್ಳುವುದು ಮಣಿಕಟ್ಟಲ್ಲ, ಮೊಣಕೈ. ಅದು ಎದೆಯ ಮಧ್ಯರೇಖೆಯತ್ತ ಒಳಸರಿಯುತ್ತಾ ಮುಂದೆ ಹೋಗಿ, ದೇಹದಿಂದ ಒಂದು ಮುಷ್ಟಿಯಷ್ಟು ದೂರದಲ್ಲಿ ನಿಲ್ಲಬೇಕು. ಮೊಣಕೈ ಒಳಗೆ ಬರುತ್ತಿಲ್ಲವೆಂದು ಭುಜವನ್ನು ಮುಂದಕ್ಕೆ ತಿರುಚಬೇಡಿ. ಬಂದಷ್ಟೇ ಬರಲಿ, ತಿಂಗಳುಗಳಲ್ಲಿ ತಾನಾಗಿ ಒಳಸರಿಯುತ್ತದೆ. ಉಸಿರು ಹಿಡಿಯಬೇಡಿ. ಮುಂಗೈ ಸ್ನಾಯು ಗಟ್ಟಿಯಾಗಿದೆಯೇ ಎಂದು ಇನ್ನೊಂದು ಕೈಯಿಂದ ಮುಟ್ಟಿ ನೋಡಿ. ಗಟ್ಟಿಯಾಗಿದ್ದರೆ ವೇಗ ಇನ್ನೂ ತಗ್ಗಿಸಿ.

ಇದರ ಜೊತೆಗೆ ಚಿ ಸಾವ್‌ಗೆ (ಕೈಗೆ ಕೈ ತಾಗಿಸಿಟ್ಟು ಇಬ್ಬರು ಮಾಡುವ ಅಭ್ಯಾಸ) ಒಬ್ಬ ಜೊತೆಗಾರ ಬೇಕೇ ಬೇಕು. ಫೂಕ್ ಸಾವ್‌ನಿಂದ ಕೆಳಕ್ಕೆ ಒತ್ತಿದರೆ ಗೊಂಬೆ ಸುಮ್ಮನೆ ಸಹಿಸುತ್ತದೆ. ಮನುಷ್ಯನಾದರೆ ಆ ಒತ್ತಡದಿಂದ ಕೈ ಜಾರಿಸಿಕೊಂಡು ನೇರವಾಗಿ ಹೊಡೆಯುತ್ತಾನೆ. ಬಂದದ್ದನ್ನು ಉಳಿಸಿಕೊಂಡು, ಹೋಗುವುದನ್ನು ಹಿಂಬಾಲಿಸಿ, ಕೈ ಬಿಡುವಾದೊಡನೆ ಮುಂದೆ ನುಗ್ಗು ಎಂಬ ಸೂತ್ರವನ್ನು ಗೊಂಬೆ ಒಂದರಿಂದಲೇ ಯಾರೂ ಕಲಿತಿಲ್ಲ. ಆದರೆ ಮೊದಲೇ ಎರಡು ಕೈಗಳ ಉರುಳಾಟಕ್ಕೆ ಇಳಿಯದೆ, ಒಂದೇ ಕೈಯ ದಾನ್ ಚಿ ಸಾವ್‌ನಲ್ಲಿ ನಿಲ್ಲಿ. ಅದನ್ನು ಬಲಪರೀಕ್ಷೆ ಮಾಡಿಕೊಳ್ಳುವ ಜೊತೆಗಾರನಾದರೆ ಬೇರೆಯವರನ್ನು ಹುಡುಕಿಕೊಳ್ಳಿ.

ಎಣ್ಣೆಯ ವಿಚಾರ: ಟೈಗರ್ ಬಾಮ್ ಬಿಸಿಯೆನಿಸಿ ನೋವನ್ನು ಮರೆಸುತ್ತದೆ, ಮರುದಿನ ಮತ್ತೆ ಅದೇ ಜಾಗಕ್ಕೆ ಹೊಡೆಯುವಂತೆ ಮಾಡುತ್ತದೆ; ಆದ್ದರಿಂದ ನಾನು ಅದನ್ನು ಹೇಳುವುದಿಲ್ಲ. ಪೆಟ್ಟಿಗೆ ಹಚ್ಚುವ ಚೀನೀ ಗಿಡಮೂಲಿಕೆಯ ದ್ರಾವಣವಾದ ಡಿಟ್ ಡಾ ಜಾವ್ ಹಚ್ಚುವುದಾದರೆ ತರಚಿದ ಚರ್ಮಕ್ಕೆ ತಾಗಿಸಲೇಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅದರ ಕೆಲವು ತಯಾರಿಕೆಗಳಲ್ಲಿ ವತ್ಸನಾಭಿಯ ಜಾತಿಯ ವಿಷದ ಬೇರು ಇರುತ್ತದೆ. ಕೈ ಎತ್ತುವಾಗ ಅಥವಾ ರಾತ್ರಿ ಮಲಗಿದಾಗ ಭುಜ ನೋಯುತ್ತಿದ್ದರೆ ಯಾವ ಎಣ್ಣೆಯನ್ನೂ ನಂಬದೆ ಮೂಳೆತಜ್ಞರಿಗೆ ತೋರಿಸಿ.

ಗಾಳಿಗೆ ಸರಣಿ ಹೊಡೆತ ಹೊಡೆಯುವಾಗ ಮೊಣಕೈಯನ್ನು ಪೂರ್ತಿ ಬೀಗ ಹಾಕಿದಂತೆ ಚಾಚಬೇಡಿ, ಕೀಲು ಹಾಳಾಗುತ್ತದೆ. ಮುಷ್ಟಿಗೆ ಗೋಡೆಚೀಲ ಬೇಕೆನಿಸಿದರೆ ಮೊದಲು ಹೆಸರುಕಾಳು ತುಂಬಿ, ಮರಳು ಆಮೇಲೆ. ಮುಂದೆ ಗೊಂಬೆಗೆ ಮರಳಿದಾಗ, ಸದ್ದು ಕಡಿಮೆಯಾಗಲೆಂದು ತೋಳುಗಳ ಬುಡಕ್ಕೆ ಬಟ್ಟೆ ತುರುಕಿ ಬಿಗಿ ಮಾಡಬೇಡಿ. ಆ ತೋಳುಗಳು ರಂಧ್ರದಲ್ಲಿ ಸ್ವಲ್ಪ ಅಲುಗಾಡಬೇಕು, ಇಲ್ಲದಿದ್ದರೆ ಪೆಟ್ಟೆಲ್ಲ ನಿಮ್ಮ ಮುಂಗೈಗೇ ಹಿಂದಿರುಗುತ್ತದೆ.