ಪ್ರತಿಕ್ರಿಯೆ: ಕಂಬದ ಮೇಲಿನ ಕ್ಯಾಮೆರಾ ಬಗ್ಗೆ ಯಾರನ್ನು ಕೇಳಬೇಕು?

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ನಿಮ್ಮ ಬೀದಿ ತುದಿಯ ಕಂಬಕ್ಕೆ ಸೋಲಾರ್ ಫಲಕದ ಕಪ್ಪು ಕ್ಯಾಮೆರಾ ಬಂದಿದೆ, ಯಾರನ್ನು ಕೇಳಬೇಕು ಅಂದಿದ್ದೀರಿ. ಅದು ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಇರಬೇಕು. ಕಳ್ಳರ ಕಾರು ಮಾತ್ರ ಅಲ್ಲ, ಹಾದುಹೋಗುವ ಎಲ್ಲರ ಕಾರಿನ ಚಿತ್ರ, ಸಮಯ, ಜಾಗ ಅದರಲ್ಲಿ ದಾಖಲಾಗುತ್ತದೆ.

ಮೊದಲು ನಿಮ್ಮ ಊರಿಗೆ ಯಾವ ಪೊಲೀಸರು ಅಂತ ನೋಡಿಕೊಳ್ಳಿ, ಇಲ್ಲೇ ಜನ ಎಡವುವುದು. ಇಂಥ ಸಾಧನ ಕೊಳ್ಳುವ ಮೊದಲು ಕೌಂಟಿಯ ಚುನಾಯಿತ ಸೂಪರ್‌ವೈಸರ್‌ಗಳ ಮಂಡಳಿ ಸಾರ್ವಜನಿಕ ಸಭೆಯಲ್ಲಿ ಒಪ್ಪಬೇಕು, ವರ್ಷವರ್ಷ ವರದಿ ಕೊಡಬೇಕು ಅಂತ ಕೌಂಟಿ 2016ರಲ್ಲೇ ಕಾನೂನು ಮಾಡಿತು, ತುಂಬಾ ಒಳ್ಳೆಯ ಕೆಲಸ ಅದು, ಆದರೆ ಅದು ಶೆರಿಫ್ (ಕೌಂಟಿ ಪೊಲೀಸ್) ಇಲಾಖೆಯಂಥ ಕೌಂಟಿ ಇಲಾಖೆಗಳಿಗೆ ಮಾತ್ರ. ಸ್ಯಾನ್ ಹೋಸೆ ನಗರದ್ದೇ ಆದ ಪೊಲೀಸರು ಅದರಡಿ ಬರುವುದಿಲ್ಲ. ಆದರೆ ಕುಪರ್ಟಿನೋ ನಗರದಲ್ಲಿ ಶೆರಿಫ್ ಇಲಾಖೆಯೇ ಪೊಲೀಸ್ ಕೆಲಸ ನೋಡಿಕೊಳ್ಳುತ್ತದೆ.

ರಾಜ್ಯದ ಎಸ್‌ಬಿ 34 ಅನ್ನುವ ನಂಬರ್ ಪ್ಲೇಟ್ ಕ್ಯಾಮೆರಾ ಕಾನೂನು ಮಾತ್ರ ಈ ಎಲ್ಲ ಪೊಲೀಸರಿಗೂ ಅನ್ವಯ. ಬಳಕೆಯ ನಿಯಮವನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕು, ಬೇರೆ ರಾಜ್ಯದ ಅಥವಾ ಅಮೆರಿಕದ ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಮಾಹಿತಿ ಕೊಡುವಂತಿಲ್ಲ. ವಲಸೆ ಇಲಾಖೆ ಕೇಂದ್ರದ್ದೇ, ಹಾಗಾಗಿ ವೀಸಾದಲ್ಲಿರುವ ನಮ್ಮವರಿಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಸುಮ್ನೆ ಫೋನ್ ಮಾಡಬೇಡಿ. ಸಾರ್ವಜನಿಕ ದಾಖಲೆ ಕಾಯ್ದೆಯಡಿ ನಿಮ್ಮ ಊರಿನ ಪೊಲೀಸ್ ಇಲಾಖೆಗೆ ಒಂದು ಇಮೇಲ್ ಹಾಕಿ: ಮಾಹಿತಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಹೊರಗಿನ ಯಾರು ಅದರಲ್ಲಿ ಹುಡುಕಿದ್ದಾರೆ. ದಾಖಲೆ ಕೊಡುತ್ತಾರೋ ಇಲ್ಲವೋ ಅಂತ ಸಾಮಾನ್ಯವಾಗಿ 10 ದಿನದೊಳಗೆ ತಿಳಿಸಬೇಕು.